ಕುರಕುಂಟಾ ದಾರಿಯಲ್ಲಿ ಕಚ್ಚಿಕೊಂಡ ಬಾಗಿಲು

ವಾಡಿ ಪಟ್ಟಣದ ತನ್ನ ಬಡಗಿ ಅಂಗಡಿಯಲ್ಲಿ ಲುಂಬಿನಿ ಕಿಟಕಿಯ ಚೌಕಟ್ಟೊಂದಕ್ಕೆ ಉಳಿ ಹಾಕುತ್ತಿದ್ದಾಗ ಫೋನ್ ಬಂತು. ಮಾತಾಡಿದವನು ಅಸದ. ಶಹಾಬಾದಿನಲ್ಲಿ ಹಾಸುಗಲ್ಲು ಪಾಲಿಶ್ ಮಾಡುವ ಕಾರ್ಖಾನೆಯ ಮಾಲೀಕ.

"ನಿನ್ನ ಕಟಗಿ ಕೈಕೊಟ್ಟದ ನೋಡು. ಅಮ್ಮಿ ಕಾರಿನಾಗ ಸಿಕ್ಕೊಂಡು ಕುಂತಾರ, ಎರಡೂ ಕಡಿ ಬಾಗ್ಲಾ ತೆರೀವಲ್ದು. ಸೇಡಂ ದಾಟಿ ಕುರಕುಂಟಾ ದಾರ್ಯಾಗ ಇದ್ದೀವಿ. ಲಗೂನ ಬಾ."

ನಿನ್ನ ಕಟಗಿ! ಅಸದನ ಹಳೆಯ ಕಾರಿಗೆ ತಾನು ಕೂಡಿಸಿಕೊಟ್ಟ ಮರ. ಲುಂಬಿನಿಯ ಮೈಯೆಲ್ಲ ಉರಿದುಹೋಯಿತು. ಆದರೂ ಒಳಗೆ ಸಿಕ್ಕಿರುವುದು ಅವನ ತಾಯಿ, ಎಪ್ಪತ್ತೈದು ದಾಟಿದ ಮುದುಕಿ. ಉಪಕರಣದ ಚೀಲವನ್ನು ಸ್ಕೂಟರಿಗೆ ನೇತುಹಾಕಿ ಹೊರಟೇಬಿಟ್ಟಳು. ಚಿತ್ತಾಪುರ ಬರುವವರೆಗೂ ಆ ಎರಡು ಮಾತು ಕಿವಿಯಲ್ಲಿ ಕುದಿಯುತ್ತಲೇ ಇದ್ದವು.

ಆ ಕಾರು ಸ್ವಾತಂತ್ರ್ಯಕ್ಕೂ ಹಿಂದಿನದು. ಎಂಜಿನ್ನು, ಗಾಲಿ, ಉದ್ದನೆಯ ಉಕ್ಕಿನ ಅಡಿಚೌಕಟ್ಟಾದ ಚಾಸಿ ಇಷ್ಟು ಮಾತ್ರ ವಿದೇಶದಿಂದ ಹಡಗಿನಲ್ಲಿ ಬಂದಿದ್ದವು. ಮೇಲಿನ ದೇಹವನ್ನು ಮುಂಬಯಿಯ ಕುಶಲಕರ್ಮಿಗಳು ಕೈಯಿಂದಲೇ ಕಟ್ಟಿದ್ದರು. ಒಳಗೆ ತೇಗದ ಅಸ್ಥಿಪಂಜರ, ಅದರ ಮೇಲೆ ಬಡಿದು ಬಡಿದು ಬಾಗಿಸಿದ ಅಲ್ಯುಮಿನಿಯಂ ತಗಡು, ಚಾಲಕನಿಗೂ ಹಿಂದಿನ ಸೀಟಿಗೂ ನಡುವೆ ಗಾಜಿನ ಗೋಡೆ. ಅಸದನ ತಾಯಿ ಕಮರುನ್ನೀಸಾ ಕುರಕುಂಟಾದಿಂದ ಮದುವಣಗಿತ್ತಿಯಾಗಿ ಬಂದದ್ದು ಅದರಲ್ಲೇ. ಆಮೇಲೆ ಅದು ನಲವತ್ತು ವರ್ಷ ಶೆಡ್ಡಿನಲ್ಲಿ ಗೆದ್ದಲಿಗೆ ಆಹಾರವಾಗಿ ನಿಂತಿತ್ತು. ಅದನ್ನು ಮತ್ತೆ ಓಡಿಸಬೇಕೆಂದು ಅಸದ ಮರದ ಕೆಲಸವನ್ನು ಲುಂಬಿನಿಗೆ ಒಪ್ಪಿಸಿದ್ದ.

ಲುಂಬಿನಿಯ ಅಪ್ಪ ಜಗದೇವಪ್ಪ ರೈಲ್ವೆಯಲ್ಲಿ ಬಡಗಿಯಾಗಿದ್ದವರು, ಡಬ್ಬಿಗಳ ಮೈ ಇನ್ನೂ ಮರದ್ದಾಗಿದ್ದ ಕಾಲದವರು. ಓಡುವ ವಸ್ತುವಿಗೆ ಮರ ಕೂಡಿಸುವುದೇ ಬೇರೆ, ನಿಲ್ಲುವ ವಸ್ತುವಿಗೆ ಕೂಡಿಸುವುದೇ ಬೇರೆ ಎಂದು ಮಗಳ ಕೈ ಹಿಡಿದು ಕಲಿಸಿ ತೀರಿಹೋಗಿದ್ದರು. ಅದನ್ನೇ ನಂಬಿ ಎಂಟು ತಿಂಗಳು ದುಡಿದಳು ಅವಳು. ಕೊಳೆತ ಒಂದೊಂದು ತುಂಡನ್ನೂ ಅಳೆದು, ಅದರಂತೆಯೇ ಹೊಸದನ್ನು ಕೆತ್ತಿ, ಹಿತ್ತಾಳೆ ತಿರುಪು ಹಾಕಿ ಕೂಡಿಸಿದಳು. ಹಳಬರು ದೇಹವನ್ನು ಚಾಸಿಗೆ ಹದಿನಾಲ್ಕು ಕಡೆ ಕೂರಿಸಿದ್ದರು. ಪ್ರತಿ ಕಡೆಯೂ ನಡುವೆ ದಪ್ಪ ತೊಗಲಿನ ಮೆತ್ತೆ, ಬೋಲ್ಟಿನ ಕೆಳಗೊಂದು ಸ್ಪ್ರಿಂಗು. ಗುಂಡಿಯಲ್ಲಿ ಚಾಸಿ ತಿರುಚಿಕೊಂಡರೂ ಮೇಲಿನ ಮರಕ್ಕೆ ಅದರ ನೋವು ತಟ್ಟಬಾರದೆಂದು. ಅವಳೂ ಹಾಗೆಯೇ ಕೂರಿಸಿದ್ದಳು.

ಅಷ್ಟರಲ್ಲಿ ಅಸದ ಕರೆಸಿದ್ದ ಎಂಜಿನಿಯರ್ ಅಶೋಕಕುಮಾರ ಹೈದರಾಬಾದಿನಿಂದ ಬಂದ. ಊರು ಇಲ್ಲೇ ಸೇಡಂ. ಓದಿದ್ದು, ದುಡಿದದ್ದು ಅಲ್ಲಿ. ಬಂದವನೇ ದೇಹವನ್ನು ಕೈಯಿಂದ ಅಲ್ಲಾಡಿಸಿ ನೋಡಿ ನಕ್ಕ.

"ಲೂಜ್ ಅದ ಇದು. ಮೆತ್ತಿ ತೆಗೀರಿ, ಕಬ್ಬಿಣದ ಆ್ಯಂಗಲ್ ಹಾಕಿ ಜಾಮ್ ಮಾಡ್ರಿ."

"ಹಂಗ ಮಾಡಬ್ಯಾಡ್ರಿ ಸಾರ್. ಚಾಸಿ ತಿರುಚ್ತದ, ಬಾಗ್ಲಾ ಕಚ್ಚತಾವ," ಅಂದಿದ್ದಳು ಲುಂಬಿನಿ.

ಅವನು ಅವಳತ್ತ ತಿರುಗಲೂ ಇಲ್ಲ. ಅಸದನಿಗೆ ಹೇಳಿದ: "ಮಂಚ, ಚೌಕಟ್ಟು ಮಾಡೋ ಹೆಣ್ಮಗಳಿಗೆ ಕಾರಿಂದೇನು ತಿಳೀತದ? ಅವರ ಮಂದಿಗೆ ಇಷ್ಟು ದೊಡ್ಡ ಕೆಲಸ ಯಾಕ ಕೊಟ್ರಿ?"

ಅಸದ ಏನೂ ಅನ್ನಲಿಲ್ಲ. ಅವನ ಮೌನವೇ ಅವಳನ್ನು ಹೆಚ್ಚು ಸುಟ್ಟಿತ್ತು. ಅಶೋಕಕುಮಾರ ಮೆತ್ತೆ ತೆಗೆಸಿ, ಮರಕ್ಕೆ ತೂತು ಕೊರೆಸಿ ಆ್ಯಂಗಲ್ ಹಾಕಿಸಿಬಿಟ್ಟಿದ್ದ.

ಲುಂಬಿನಿ ತಲುಪಿದಾಗ, ಸಿಮೆಂಟ್ ಲಾರಿಗಳು ಅಗೆದುಹಾಕಿದ ರಸ್ತೆಯ ಪಕ್ಕ, ಬೇವಿನ ಮರದ ಕೆಳಗೆ ಕಾರು ನಿಂತಿತ್ತು. ತವರಿಗೆ ಹೊರಟಿದ್ದ ಕಮರುನ್ನೀಸಾ ಇಳಿಸಿದ ಕಿಟಕಿಯ ಹಿಂದೆ ಬೆವರಿನಲ್ಲಿ ತೊಯ್ದು ಕೂತಿದ್ದರು. ಅಶೋಕಕುಮಾರನ ಕೈಯಲ್ಲಿ ಹಾರೆಯಿತ್ತು.

"ಒಡೀಲಿಕ್ಕೆ ಬಿಡಬ್ಯಾಡ ಬೇಟಿ," ಅಂದರು ಮುದುಕಿ. "ಒಂದೂವರಿ ತಾಸಿನಿಂದ ಅವನ್ನ ತಡಕೊಂಡು ಕುಂತೀನಿ."

ಲುಂಬಿನಿ ಸೆರಗು ಸಿಕ್ಕಿಸಿ, ಬೋಲ್ಟು ತಿರುಗಿಸುವ ಪಾನಾ ಹಿಡಿದು ಕಾರಿನ ಕೆಳಗೆ ಮಲಗಿ ಜಾರಿದಳು. ಅಂದುಕೊಂಡದ್ದೇ ಆಗಿತ್ತು. ಎಡಗಡೆಯ ಆ್ಯಂಗಲ್ ಸೊಟ್ಟಗಾಗಿ ಇಡೀ ಚೌಕಟ್ಟನ್ನು ತನ್ನ ಜೊತೆ ಎಳೆದುಕೊಂಡಿತ್ತು. ಮೊದಲ ಬೋಲ್ಟು ಸಡಿಲಿಸಿದಳು, ಎರಡನೆಯದು, ಮೂರನೆಯದು. ನಾಲ್ಕನೆಯದು ಸಡಿಲಾದಾಗ ಮೇಲಿನ ತೇಗ ಒಮ್ಮೆ ಕಿರ್ರೆಂದು ತನ್ನ ಜಾಗಕ್ಕೆ ಬಂತು.

"ಈಗ ತೆಗೀರಿ," ಅಂದಳು ಕೆಳಗಿನಿಂದಲೇ.

ಅಸದ ಹಿಡಿ ತಿರುಗಿಸಿದ. ಬಾಗಿಲು ಸುಮ್ಮನೆ ತೆರೆದುಕೊಂಡಿತು.

ಮುದುಕಿಯನ್ನು ನೆರಳಿಗೆ ಕೂರಿಸಿ ನೀರು ಕುಡಿಸಿದ ಮೇಲೆ ಅಶೋಕಕುಮಾರ ಹಾರೆ ಕೆಳಗಿಟ್ಟ. "ಏನೇ ಆದ್ರೂ ಕಟಗಿ ವೀಕೇ ಅದ."

ಲುಂಬಿನಿ ಮೈಯ ಧೂಳನ್ನೂ ಕೊಡವದೆ ಅವನೆದುರು ನಿಂತಳು. "ಕೈ ಹಾಕಿ ನೋಡ್ರಿ. ಯಾವ ಜಾಯಿಂಟ್ ಬಿಟ್ಟದ ತೋರಸ್ರಿ. ನೀವು ತೂತು ಕೊರದ ಜಾಗ ಒಂದೇ ಸೀಳ್ಯದ, ಬ್ಯಾರೆ ಎಲ್ಲೂ ಕೂದಲೆಳಿ ಬಿರುಕಿಲ್ಲ. ಇದನ್ನ ಕಟ್ಟಿದೋರು ನಿಮ್ಮಂಗ ಕಾಲೇಜ್ ಕಲ್ತಿರಲಿಲ್ಲ, ಆದ್ರ ರಸ್ತಾ ಹೆಂಗಿರ್ತದ ಅಂತ ತಿಳಕೊಂಡಿದ್ರು. ನಾ ಹೇಳ್ದೆ. ನೀವು ನನ್ನ ಮಾತು ಕೇಳಲಿಲ್ಲ, ನನ್ನ ಜಾತಿ ಕೇಳ್ಕೊಂಡು ನಿಂತ್ರಿ."

ಅಸದ ತಲೆ ಕೆರೆದುಕೊಂಡು, "ಹೋಗ್ಲಿ ಬಿಡವ್ವ, ಸೋಮವಾರ ಬಂದು ಸರಿ ಮಾಡಿಬಿಡು," ಅಂದ.

"ಹೋಗ್ಲಿ ಬಿಡು ಅನ್ನೂದು ನಿಮಗ ಹಗೂರ ಅದ ಸಾಹೇಬ್ರ. ಅವತ್ತು ಸುಮ್ಮನಿದ್ರಿ, ಇವತ್ತು ಏನೂ ಕೇಳದ 'ನಿನ್ನ ಕಟಗಿ ಕೈಕೊಟ್ಟದ' ಅಂದ್ರಿ. ಬರ್ತೀನಿ. ಆದ್ರ ಆ ಆ್ಯಂಗಲ್ ನಾ ಬಿಚ್ಚಂಗಿಲ್ಲ. ಹಾಕ್ದವರೇ ಬಿಚ್ಚಲಿ."

"ಅದು ಕೂಲಿ ಕೆಲಸ—" ಎಂದು ಅಶೋಕಕುಮಾರ ಶುರುಮಾಡಿದ.

"ಬಿಚ್ಚತಾನ," ಅಂದರು ನೆರಳಿನಿಂದ ಕಮರುನ್ನೀಸಾ. "ನನ್ನ ಒಳಗ ಹಾಕಿ ಬಂದ್ ಮಾಡಿದಾಂವ ಅವನೇ. ಅಸದ, ನೀನೂ ಮಾಫಿ ಕೇಳು. ಈಗೇ, ನನ್ನ ಮುಂದ."

ಅಸದ ಕ್ಷಮೆ ಕೇಳಿದ, ತಡವರಿಸುತ್ತ, ನೆಲ ನೋಡುತ್ತ. ಲುಂಬಿನಿ ತಲೆಯಾಡಿಸಿದಳಷ್ಟೆ. ಕಾರಿನಲ್ಲೇ ಕುರಕುಂಟಾಕ್ಕೆ ಬಂದು ಊಟ ಮಾಡಿಕೊಂಡು ಹೋಗು ಎಂದು ಮುದುಕಿ ಕೈ ಹಿಡಿದರೂ ಒಲ್ಲೆನೆಂದು ಸ್ಕೂಟರ್ ಹತ್ತಿದಳು. ಸಿಟ್ಟು ಇಳಿದಿರಲಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇರಲಿಲ್ಲ.

ಸೋಮವಾರ ಶಹಾಬಾದಿನ ಶೆಡ್ಡಿನಲ್ಲಿ ಇಸ್ತ್ರಿ ಅಂಗಿಯ ಅಶೋಕಕುಮಾರ ಗೋಣಿತಾಟಿನ ಮೇಲೆ ಅಂಗಾತ ಮಲಗಿ ಆ್ಯಂಗಲ್ ಬಿಚ್ಚಿದ. ಕಣ್ಣಿಗೆ ತುಕ್ಕು ಉದುರುತ್ತಿತ್ತು. ಲುಂಬಿನಿ ಪಕ್ಕದಲ್ಲಿ ಕೂತು ತೊಗಲಿನ ಮೆತ್ತೆ ಕತ್ತರಿಸುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಕೆಳಗಿನಿಂದ ಅವನ ದನಿ ಬಂತು, ಸಣ್ಣದಾಗಿ: "ಸ್ಪ್ರಿಂಗ್ ಎಷ್ಟು ಬಿಗೀಬೇಕ್ರಿ?"

ಹೇಳಬಾರದು ಅನ್ನಿಸಿತು. ಆದರೆ ತಪ್ಪು ಕಾರಿನದಲ್ಲವಲ್ಲ.

"ಬೆರಳಿಲೆ ತಿರುಗೂತನಕ ತಿರುವ್ರಿ, ಆಮ್ಯಾಲ ಪಾನಾದಿಂದ ಅರ್ಧ ಸುತ್ತು. ಅದಕ್ಕಿಂತ ಒಂದು ಎಳೀನೂ ಹೆಚ್ಚು ಬ್ಯಾಡ," ಅಂದಳು ಅವಳು, ದನಿಯನ್ನು ಒಂದಿಷ್ಟೂ ಮೆತ್ತಗಾಗಿಸದೆ.