ಫೋಟೋದಲ್ಲಿ ಉಳಿದ ಕೈ

ಮಧ್ಯಾಹ್ನದ ಗಂಜಿ ಉಂಡು ಜಸೀಲಾ ಕಂಪ್ಯೂಟರಿನ ಮುಂದೆ ಕುಳಿತಳು. ಲಾಯಿಲ ಎಂಬ ಊರಿನ ಆ ಮನೆಯಲ್ಲಿ ಅವಳೊಬ್ಬಳೇ. ಗಂಡ ಕೊಲ್ಲಿ ನಾಡಿನ ದಮಾಮಿನಲ್ಲಿ, ಮಗಳು ಮಂಗಳೂರಿನ ಹಾಸ್ಟೆಲಿನಲ್ಲಿ. ಹಿಂದೆ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವಳು ಈಗ ಬಂಟ್ವಾಳ, ಮೂಡುಬಿದಿರೆ ಕಡೆಯ ಶಿಕ್ಷಕರಿಗೆ, ಮಕ್ಕಳ ಪ್ರಾಜೆಕ್ಟುಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಲು ನೆರವಾಗುತ್ತಿದ್ದಳು. ಅವರಲ್ಲಿ ಒಬ್ಬರೂ ಅವಳ ಮುಖ ಕಂಡವರಲ್ಲ. ಎಷ್ಟೋ ದಿನ ಅವರ ಫೋನ್ ಬಂದಾಗಲೇ ಅವಳು ಬಾಯಿ ತೆರೆಯುತ್ತಿದ್ದುದು.

ಅಂದು ಸಿದ್ಧಕಟ್ಟೆ ಕಡೆಯ ಶಾಲೆಯೊಂದರ ರೋಹಿತ್ ಮಾಸ್ಟ್ರು ಏಳನೆಯ ತರಗತಿಯ ಪ್ರಾಜೆಕ್ಟ್ ಕಳಿಸಿದ್ದರು. ಗದ್ದೆಯ ಬದು, ಹುಣಿಗಳಲ್ಲಿ ಸಿಗುವ ತಿಮರೆ, ತಜಂಕು ಮುಂತಾದ ಸೊಪ್ಪುಗಳ ಚಿತ್ರ, ವಿವರ. ಜತೆಗೆ ನಾಲ್ವರು ಮಕ್ಕಳ ಫೋಟೋ.

"ಮೇಡಂ, ಬಲಬದಿಯ ಹುಡುಗಿಯನ್ನು ತೆಗೆದುಬಿಡಿ. ಹೆಸರೂ ಬೇಡ," ಎಂದರು ಅವರು ಫೋನಿನಲ್ಲಿ. "ತೃಪ್ತಿ ಅಂತ. ಶಾಲೆ ಬಿಟ್ಟು ಎರಡು ತಿಂಗಳಾಯಿತು."

"ಈ ಚಿತ್ರಗಳನ್ನು ಬಿಡಿಸಿದ್ದು ಯಾರು ಸರ್?"

"ಅವಳೇ."

ಜಸೀಲಾ ಫೋಟೋದ ಅಂಚು ಕತ್ತರಿಸಿದಳು. ಹುಡುಗಿ ಹೋದಳು. ಆದರೆ ಪಕ್ಕದವಳ ಹೆಗಲ ಮೇಲಿಟ್ಟ ಅವಳ ಕೈ ಹಾಗೆಯೇ ಉಳಿಯಿತು.

"ಕೈ ಉಳಿಯಿತು ಸರ್."

"ಅದನ್ನೂ ಅಳಿಸಿ. ಈಗ ಅದೆಲ್ಲ ಸುಲಭ ಅಲ್ವಾ?"

ಸುಲಭವೇ ಆಗಿತ್ತು. ಜಸೀಲಾ ಆ ಕೈಯನ್ನೇ ನೋಡಿದಳು. "ಇದು ನನ್ನಿಂದ ಆಗುವುದಿಲ್ಲ ಸರ್."

"ನಿಮಗೆ ನಮ್ಮ ಕಷ್ಟ ಗೊತ್ತಿಲ್ಲ ಮೇಡಂ. ಹೆಸರು ಕಂಡರೆ ಹುಡುಗಿ ಎಲ್ಲಿ ಅಂತ ಮೇಲಿನವರು ಕೇಳ್ತಾರೆ. ಮೊದಲೇ ಮಕ್ಕಳು ಕಡಿಮೆ ಉಂಟು, ಶಾಲೆಯನ್ನೇ ಮುಚ್ಚಿಯಾರು. ಉಳಿದ ಮೂವರ ಶ್ರಮ ಹಾಳಾಗಬೇಕಾ?"

"ಅವರು ಕೇಳಲಿ. ನೀವು ಕೇಳಿದ್ದೀರಾ ಸರ್, ಅವಳು ಎಲ್ಲಿದ್ದಾಳೆ ಅಂತ?"

ಫೋನ್ ಕಟ್ಟಾಯಿತು.

ಮರುದಿನ ಯಾರೂ ಕರೆಯಲಿಲ್ಲ. ಅದರ ಮರುದಿನವೂ ಇಲ್ಲ. ಒಬ್ಬಳಿಗಾಗಿ ಮೀನುಸಾರು ಮಾಡುವ ಮನಸ್ಸಾಗದೆ ಜಸೀಲಾ ಉಪ್ಪಿನಕಾಯಿ ನೆಂಚಿಕೊಂಡು ಉಂಡಳು. ಕಿವಿಗೆ ಬೀಳುತ್ತಿದ್ದ ನಾಲ್ಕು ದನಿಗಳನ್ನೂ ತಾನೇ ದೂರ ಮಾಡಿಕೊಂಡೆನೇನೋ ಎನಿಸಿತು. ಮತ್ತೆ ಮತ್ತೆ ಆ ಫೋಟೋ ತೆರೆದಳು. ಅಳಿಸಲು ಮಾತ್ರ ಮನಸ್ಸು ಬರಲಿಲ್ಲ.

ಶನಿವಾರ ರೋಹಿತ್ ಮಾಸ್ಟ್ರ ಫೋನ್ ಬಂತು. ದನಿ ತಗ್ಗಿತ್ತು.

"ತೃಪ್ತಿಯ ಮನೆಯಲ್ಲಿದ್ದೇನೆ ಮೇಡಂ. ಅಮ್ಮ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ. ಅಡುಗೆಯೂ ಇವಳೇ, ಬೀಡಿ ಕಟ್ಟುವುದೂ ಇವಳೇ. ನಾನು ದಿನಾ ಗೈರುಹಾಜರಿ ಹಾಕಿದ್ದೇ ಬಂತು, ಇತ್ತ ಬಂದಿರಲಿಲ್ಲ. ಹಗಲು ಅಮ್ಮನನ್ನು ನೋಡಿಕೊಳ್ತೇನೆ ಅಂತ ಪಕ್ಕದ ಮನೆಯ ಸೇಸಮ್ಮ ಒಪ್ಪಿದ್ದಾರೆ. ಉಳಿದದ್ದಕ್ಕೆ ಏನಾದರೂ ದಾರಿ ನೋಡುವ. ನೀವು ಫೋಟೋ ಇಡಿಯಾಗಿ ಹಾಕಿ. ಇವಳಿಗೆ ನಿಮ್ಮ ಹತ್ತಿರ ಮಾತಾಡಬೇಕಂತೆ."

"ಟೀಚರ್, ನನ್ನ ಚಿತ್ರ ಎಲ್ಲರಿಗೂ ಕಾಣ್ತದಾ?" ಸಣ್ಣ ದನಿ ಕೇಳಿತು.

"ಕಾಣ್ತದೆ ಮಗಾ."

"ನೀವು ನಮ್ಮ ಶಾಲೆ ನೋಡಿದ್ದೀರಾ?"

"ಇಲ್ಲ."

"ಯಾಕೆ?"

ಇದುವರೆಗೆ ಯಾರೂ ಕರೆದಿರಲಿಲ್ಲ ಎನ್ನಲು ಜಸೀಲಾಗೆ ನಾಚಿಕೆಯಾಯಿತು.

"ಸೋಮವಾರ ಬನ್ನಿ," ಎಂದಳು ತೃಪ್ತಿ. "ನಾನೂ ಇರ್ತೇನೆ."