ಐತವಾರದ ನೆಲ್ಲು

ಹೊಲದ ಒಂದೇ ಮಡಿಯಲ್ಲಿ ಮೂರನೆಯ ಸಲ ನೆಲ್ಲು ಹಚ್ಚುತ್ತಿದ್ದರು. ಹನ್ನೆರಡು ಹೆಂಗಸರು. ಕೆಸರು ತಿಂದು ಅವರ ಕಾಲ್ಬೆರಳ ಸಂದಿಗಳು ಬೆಳ್ಳಗೆ ಬಿರಿದಿದ್ದವು. ಸಸಿಗಳ ಸ್ಥಿತಿ ಅದಕ್ಕಿಂತ ಕಡೆ. ಬೇರು ಹರಿದು, ತುದಿ ಹಳದಿಯಾಗಿ, ನೆಟ್ಟ ಕೂಡಲೇ ಒರಗುತ್ತಿದ್ದವು.

"ಈ ಸಸಿ ನಮಗಿಂತ ಜಾಸ್ತಿ ತಿರುಗ್ಯಾಡ್ಯಾವ ನೋಡವ್ವ," ಎಂದಳು ಹುಸೇನ್‌ಬೀ. "ಐತವಾರ ಹೊಲ, ಸೋಮವಾರ ಗುಂಡಿ. ಬೇರು ಬಿಡಾಕೂ ಪುರುಸೊತ್ತಿಲ್ಲ."

"ಕಂಪನಿ ನೌಕರಿ ಅಲ್ಲೇನ?" ಎಂದಳು ನನ್ನ ಸಣ್ಣವ್ವ ಗ್ಯಾನಮ್ಮ. "ಪರ್ಮನೆಂಟ್ ಮಾಡಂಗಿಲ್ಲ."

ವಳಕಮದಿನ್ನಿ ಊರಿನ ಆಚೆ, ಕಾಲುವೆಯ ಮಗ್ಗುಲಿನ ನಲವತ್ತು ಎಕರೆಯನ್ನು ಒಂದು ಕಂಪನಿ ಕೊಂಡಿತ್ತು. 'ಹಸಿರು ತವರು' ಎಂದು ಹೆಸರಿಟ್ಟಿತ್ತು. ಸುತ್ತ ಮನೆ, ನಡುವೆ ಹದಿನೈದು ಎಕರೆ ಹೊಲ. ಹೊಲ ಎಂದೆಂದಿಗೂ ಹೊಲವಾಗಿಯೇ ಉಳಿಯುತ್ತದೆ, ಮನೆಯವರು ಅಲ್ಲಿಯ ಅಕ್ಕಿ ಉಣ್ಣುತ್ತಾರೆ, ಊರು ಮತ್ತೆ ಊರಾಗುತ್ತದೆ ಎಂದಿತ್ತು. ಮಾತು ಒಳ್ಳೆಯದೇ. ನಾನೂ ನಂಬಿದ್ದೆ.

ಆ ಹದಿನೈದು ಎಕರೆಯನ್ನು ಸಣ್ಣವ್ವ ಮತ್ತು ಅವಳ ಗುಂಪು ಹನ್ನೊಂದು ವರ್ಷ ಲೀಸಿಗೆ ಮಾಡಿದ್ದರು. ಕಂಪನಿಯ ಮ್ಯಾನೇಜರ್ ಚನ್ನವೀರ ಅವಳ ಮನೆಗೇ ಬಂದಿದ್ದ. "ಲೀಸ್ ಬಿಟ್ಟೀವಿ ಅಂತ ಒಂದು ಸೈನ್ ಹಾಕು ಯಮ್ಮಾ. ಕಾಗದಕ್ಕಷ್ಟ. ಹೊಲ ಹೊಲಾನ ಇರತೈತಿ, ನೀವಾ ಮಾಡ್ರಿ." ಸಣ್ಣವ್ವ ಸಹಿ ಹಾಕಿದಳು. ಅಂದಿನಿಂದ ಅವಳ ಹೊಲವೆಂದರೆ ಕೆಂಪು ಹಗ್ಗ ಕಟ್ಟಿದ ಹತ್ತು ಗುಂಟೆ. ಸೈಟು ನೋಡಲು ಬಂದವರಿಗೆ ಐತವಾರ ನಾಟಿ ತೋರಿಸಬೇಕು. ಸೋಮವಾರ ಕಿತ್ತು, ಸೂಡು ಕಟ್ಟಿ, ನೀರಿನ ಗುಂಡಿಯಲ್ಲಿ ಇಡಬೇಕು. ಮುಂದಿನ ಐತವಾರ ಅದೇ ಸಸಿ.

"ಬೆಳೆದ ನೆಲ್ಲು ಯಾರು ನೋಡ್ತಾರ?" ಎನ್ನುತ್ತಿದ್ದ ಚನ್ನವೀರ. "ಮಂದಿಗೆ ಹಚ್ಚೋದು ನೋಡಬೇಕು."

ನಾನು ಬಿ.ಎ. ಮುಗಿಸಿದವಳು. ಬಂದವರಿಗೆ ಮೈಕಿನಲ್ಲಿ ಒಕ್ಕಲುತನ ವಿವರಿಸುವುದು ನನ್ನ ಕೆಲಸ. ಶುಕ್ರವಾರ ಆಫೀಸಿನಲ್ಲಿ ಇನ್ನೊಂದು ನಕ್ಷೆ ಕಣ್ಣಿಗೆ ಬಿತ್ತು. ಹದಿನೈದು ಎಕರೆಯ ತುಂಬ ಸೈಟಿನ ನಂಬರುಗಳು. ನಡುವೆ ನೀಲಿ ಬಣ್ಣದ ಈಜುಕೊಳ.

ಸಂಜೆ ಉಣ್ಣುವಾಗ ಸಣ್ಣವ್ವ ಕೇಳಿದಳು: "ಹೊಲ ಯಾವಾಗ ಕೊಡ್ತಾರಂತ, ರಂಜೀ? ನಾಟಿ ಹೊತ್ತು ಹೋಗಾಕತ್ತೈತಿ."

ನಾನು ರೊಟ್ಟಿ ಮುರಿಯುತ್ತ ಕುಳಿತೆ. ನಮ್ಮ ಮನೆಯಲ್ಲಿ ಬಾಯಿ ಮುಚ್ಚಿಕೊಂಡಿರುವುದನ್ನು ಓದಿದವರ ಲಕ್ಷಣ ಎಂದು ತಿಳಿಯುತ್ತಾರೆ.

ಆ ಐತವಾರ ಬಳ್ಳಾರಿಯಿಂದ ಬಂದ ಒಬ್ಬ ಟೀಚರಮ್ಮ ಚಪ್ಪಲಿ ಬಿಟ್ಟು ಕೆಸರಿಗೇ ಇಳಿದರು. ಹತ್ತು ಸಸಿ ನೆಟ್ಟು ಸೊಂಟ ಹಿಡಿದು ನಿಂತರು.

"ಇದು ಕೊಯ್ಲಿಗೆ ಯಾವಾಗ ಬರುತ್ತಮ್ಮಾ? ಆವಾಗಲೂ ಬರ್ತೀನಿ."

"ನಾಳೇನ ಬರ್ರಿ," ಎಂದಳು ಸಣ್ಣವ್ವ.

"ಒಂದೇ ದಿನಕ್ಕಾ?"

"ಹೈಬ್ರೀಡ್ ರೀ," ಎಂದಳು ಹುಸೇನ್‌ಬೀ. "ಸಂಜೀಕ ಹಚ್ಚಿದ್ರ ಮುಂಜಾನಿ ಕೀಳೋದು."

ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ಟೀಚರಮ್ಮ ನಗಲಿಲ್ಲ. ಒರಗಿದ ಒಂದು ಸಸಿಯನ್ನು ಎತ್ತಿ ಅದರ ಬೇರು ನೋಡಿದರು. ಆಮೇಲೆ ನನ್ನತ್ತ ತಿರುಗಿದರು.

"ನೀವು ಹೇಳಿ. ಈ ಹೊಲ ಉಳಿಯುತ್ತೆ ಅಲ್ವಾ? ನಾವು ಸೈಟು ಹಿಡಿದಿರೋದೇ ಇದನ್ನ ನೋಡಿ."

ಸ್ಪೀಕರು ಗುಂಯ್ ಎನ್ನುತ್ತಿತ್ತು. ಪಕ್ಕಕ್ಕೆ ಬಂದ ಚನ್ನವೀರ ಪಿಸುಗುಟ್ಟಿದ: "ಹೂಂ ಅನ್ನವ್ವ, ಹೂಂ ಅನ್ನು." ಅವನ ಪಿಸುಮಾತು ಮೈಕಿಗೆ ಸಿಕ್ಕಿ ನಲವತ್ತು ಎಕರೆಗೂ ಕೇಳಿಸಿತು.

ಸಣ್ಣವ್ವ ಸೆರಗಿಗೆ ಕೈ ಒರೆಸಿಕೊಂಡಳು. "ರಂಜೀ?" ಎಂದಳು ಅಷ್ಟೇ.

"ಉಳಿಯಂಗಿಲ್ಲ ಸಣ್ಣವ್ವ," ಎಂದೆ. "ಇದರ ಮ್ಯಾಲೂ ಸೈಟ್ ಬಿದ್ದಾವ. ಆಫೀಸಿನ್ಯಾಗ ಇನ್ನೊಂದು ನಕ್ಷೆ ಐತಿ, ಶುಕ್ರವಾರಾನ ನೋಡೀನಿ."

"ಶುಕ್ರವಾರ ನೋಡಿ ಐತವಾರ ಹೇಳ್ತಿ? ನಿನ್ನ ಓದಿಗಿಷ್ಟು ಬೆಂಕಿ ಹಾಕ!" ಎಂದವಳೇ ಸಸಿಯ ಸೂಡು ಅಲ್ಲೇ ಬಿಟ್ಟು ಹಗ್ಗ ದಾಟಿದಳು.

ಮೂಲೆಯಲ್ಲಿ ಕಾಲುವೆಯ ತೂಬು. ಕಾಲುವೆ ತುಂಬಿ ಹರಿಯುತ್ತಿದ್ದರೂ ಹಗ್ಗದಾಚೆಯ ಹೊಲ ಒಣಗಿರಲೆಂದು ಕಂಪನಿಯವರು ತೂಬಿಗೆ ಮಣ್ಣಿನ ಚೀಲ ಒಟ್ಟಿದ್ದರು. ಸಣ್ಣವ್ವ ಒಂದು ಚೀಲ ಎಳೆದಳು. ಹುಸೇನ್‌ಬೀ ಇನ್ನೊಂದು. ಉಳಿದವರು ಓಡಿದರು.

"ಏ ಯಮ್ಮಾ! ನೀ ಸೈನ್ ಮಾಡೀದಿ!" ಚನ್ನವೀರ ಕೂಗಿದ.

"ಹೌದಪಾ. ಹೊಲ ಹೊಲಾನ ಇರತೈತಿ ಅಂದಿದ್ದಿ, ಅದಕ್ಕ ಮಾಡೀನಿ. ಹೊಲಕ್ಕ ನೀರು ಬ್ಯಾಡೇನು?"

ನೀರು ನುಗ್ಗಿತು. ತಡೆಯಲು ಹೋದ ಚನ್ನವೀರನ ಒಂದು ಬೂಟು ಕೆಸರಿನಲ್ಲೇ ಉಳಿಯಿತು. ಟೀಚರಮ್ಮ ಅವನ ದಾರಿಗೆ ಅಡ್ಡ ನಿಂತು, "ಆ ಇನ್ನೊಂದು ನಕ್ಷೆ ತನ್ನಿ, ನೋಡೋಣ," ಎಂದರು. ಬಂದವರೆಲ್ಲ ಅವರ ಹಿಂದೆ ನೆರೆದರು. ಅವನು ಒಂಟಿ ಬೂಟಿನಲ್ಲಿ ಆಫೀಸಿನ ಕಡೆ ನಡೆದ. ಬಾಗಿಲು ಒಳಗಿನಿಂದ ಹಾಕಿಕೊಂಡ.

ಸೋಮವಾರ ಯಾರೂ ಕೀಳಲಿಲ್ಲ. ನಸುಕಿನಲ್ಲೇ ಪಕ್ಕದ ಹೊಲದ ಬುಡ್ಡೇಸಾಬ್ ತನ್ನ ಟ್ರ್ಯಾಕ್ಟರು ತಂದು ಎರಡು ಎಕರೆ ಕೆಸರು ಹೊಡೆದ. ತನ್ನ ಹೊಲದಲ್ಲಿ ಉಳಿದ ಜೀವಂತ ಸಸಿ ಕೊಟ್ಟ. ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದಲೂ ಹೆಂಗಸರು ಬಂದರು. ನಾನೂ ಇಳಿದೆ.

"ಸಾಲು ನೋಡು, ಹಾವು ಹೋದಂಗ ಐತಿ," ಎಂದಳು ಸಣ್ಣವ್ವ. "ಇದನ್ನ ಕಾಲೇಜಿನಾಗ ಕಲಿಸಲಿಲ್ಲೇನ?"

ಹತ್ತರ ಹೊತ್ತಿಗೆ ಕಂಪನಿಯ ಜೆಸಿಬಿ ಬದುವಿನ ಮೇಲೆ ಬಂದು ನಿಂತಿತು. ಡ್ರೈವರ್ ಮಂಜೂರ್ ಕೆಳಗಿಳಿದು, ಹೊಲ ನೋಡಿ, ಚನ್ನವೀರನಿಗೆ ಫೋನು ಹಚ್ಚಿದ. ಆ ಕಡೆಯ ದನಿ ನಮಗೂ ಕೇಳುತ್ತಿತ್ತು.

"ಇವತ್ತ ಮುಂದ ನಿಂತಾಕಿ ಯಾರಲೇ? ಕೇಸ್ ಹಾಕಬೇಕು. ಹೆಸರು ಹೇಳು."

"ಮುಂದ ಯಾರೂ ನಿಂತಿಲ್ಲ ಸಾಹೇಬ್ರ. ಎಲ್ಲಾರೂ ಬಗ್ಗ್ಯಾರ. ನಲವತ್ತು ಬೆನ್ನು ಕಾಣಾಕತ್ತಾವ." ಮಂಜೂರ್ ತಲೆ ಕೆರೆದುಕೊಂಡ. "ಯಾವ ಬೆನ್ನಿನ ಹೆಸರು ಕೇಳ್ಲಿ?"