ಆರು ಸುತ್ತಿನ ಬೆಳಕಿನ ಕಮಲ

ಪೀಣ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ ಕೊಟ್ರಪ್ಪನು ತೊಂಬತ್ತೇಳರ ಶ್ರಾವಣಕ್ಕೆಂದು ಎಂಟು ತಿಂಗಳು ಹಿತ್ತಾಳೆಯ ತಗಡು ಕತ್ತರಿಸಿದನು. ಷಟ್‌ಸ್ಥಲಗಳನ್ನು ನೆನೆದು ಆರು ಸುತ್ತು ದಳಗಳನ್ನು ಜೋಡಿಸಿ, ದಳಕ್ಕೊಂದು ಪುಟ್ಟ ಬಲ್ಬನ್ನಿಟ್ಟನು. ನಡುವಣ ಪೀಠವನ್ನು ಮುಟ್ಟಿದರೆ ಕೆಳಗಿನ ಸುತ್ತು ಬೆಳಗುವುದು; ಕೈ ತೆಗೆಯದೆ ನಿಂತರೆ ಬೆಳಕು ಸುತ್ತಿನಿಂದ ಸುತ್ತಿಗೇರಿ ಕಮಲವೆಲ್ಲ ಅರಳುವುದು.

ಇದೆಲ್ಲ ಮಗಳು ಮಹಾನಂದೆಗಾಗಿ. ಹುಟ್ಟಿನಿಂದ ಕಿವಿ ಕೇಳದ ಆ ಹನ್ನೆರಡರ ಬಾಲೆ ಬಾಗಲಗುಂಟೆಯ ಪ್ರಾರ್ಥನಾಮಂದಿರದಲ್ಲಿ ಸೋಮವಾರಗಳಂದು ಹಾಡುವವರ ತುಟಿಗಳನ್ನೇ ನೋಡುತ್ತ ಕುಳಿತಿರುವಳು. ದೇವರು ತನ್ನೊಬ್ಬಳೊಡನೆ ಮಾತ್ರ ಮಾತಾಡುವುದಿಲ್ಲವೆಂದು ಅವಳೊಮ್ಮೆ ಸನ್ನೆಯಲ್ಲಿ ಹೇಳಿದ್ದಳು. ಅವಳ ಕೈಗೆ ಬೆಳಕಾದರೂ ಉತ್ತರ ಕೊಡಲಿ ಎಂಬುದು ತಂದೆಯ ಹಂಬಲ.

ಶ್ರಾವಣದ ಮೊದಲ ಸೋಮವಾರ ಕಮಲವನ್ನು ಮಂದಿರದಲ್ಲಿ ಇರಿಸಿದರು. ಆಗತಾನೆ ತೊಳೆದ ಕಲ್ಲುನೆಲದ ಮೇಲೆ ನಿಂತು, ಎಲ್ಲರಿಗಿಂತ ಮೊದಲು ಮಹಾನಂದೆ ಪೀಠದ ಮೇಲೆ ಅಂಗೈಯಿಟ್ಟಳು. ಒಂದು ದಳವೂ ಬೆಳಗಲಿಲ್ಲ.

"ಒತ್ತವ್ವಾ, ಇನ್ನೊಮ್ಮೆ ಒತ್ತು," ಎಂದು ತಾಯಿ ಚನ್ನಬಸಮ್ಮ ಕೈಸನ್ನೆ ಮಾಡಿದಳು.

"ಏನ್ ಕೊಟ್ರಪ್ಪನೋರೇ, ಕಮಲಕ್ಕೆ ಇವತ್ತು ವಾರದ ರಜೆನಾ?" ಹಿಂದಿನಿಂದ ಯಾರೋ ನಕ್ಕರು.

ಹಿತ್ತಲಲ್ಲಿ ತಂತಿ ಕಾಯುತ್ತಿದ್ದ ಸಹೋದ್ಯೋಗಿ ಈರೇಶ ಓಡಿಬಂದನು. "ಸಪ್ಲೈ ಬರ್ತಾ ಐತೆ ಅಣ್ಣಾ, ತಡಿ!" ಎನ್ನುತ್ತ ಪೀಠ ಮುಟ್ಟಿದನು. ಕೈ ತೆಗೆಯದೆ ನಿಂತಂತೆ ಆರು ಸುತ್ತೂ ಒಂದಾದಮೇಲೊಂದು ಜಗ್ಗನೆ ಅರಳಿದವು.

"ಮೆಟ್ಟು ಹಾಕ್ಕೊಂಡು ದೇವರ ಮುಂದ ಬಂದೀಯಲ್ಲೋ!" ಎಂದು ಚನ್ನಬಸಮ್ಮ ಚೀರಿದಳು. ಈರೇಶ ನಾಲಿಗೆ ಕಚ್ಚಿಕೊಂಡನು. ಮಹಾನಂದೆ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು.

ಲೋಪವು ಕೊಟ್ರಪ್ಪನಿಗೆ ಆಗಲೇ ಹೊಳೆಯಿತು. ಸುತ್ತಲಿನ ತಂತಿಗಳಿಂದ ಮೈಗೆ ತಾಗುವ ವಿದ್ಯುತ್ತಿನ ಸೂಕ್ಷ್ಮ ಕಂಪನವೇ ಪೀಠಕ್ಕೆ ಸ್ಪರ್ಶವನ್ನು ತಿಳಿಸುವುದು. ಒದ್ದೆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತವರಲ್ಲಿ ಅದು ನೆಲಕ್ಕಿಳಿದುಹೋಗುವುದು; ಕಾಲಡಿ ರಬ್ಬರಿದ್ದರೆ ಮೈಯಲ್ಲೇ ಉಳಿಯುವುದು. ಕಾರ್ಖಾನೆಯಲ್ಲಿ ನೂರು ಬಾರಿ ಪರೀಕ್ಷಿಸಿದ್ದನು, ನೂರು ಬಾರಿಯೂ ರಬ್ಬರಿನ ಬೂಟು ತೊಟ್ಟೇ. ದೇವರೆದುರು ಪಾದರಕ್ಷೆ ಕಳಚುವರೆಂಬುದನ್ನು ಹುಟ್ಟಿದಂದಿನಿಂದ ಬಲ್ಲವನು ಅದನ್ನೇ ಮರೆತಿದ್ದನು.

ಮುಂದಿನ ಸೋಮವಾರ ಪೀಠದ ಮುಂದೆ ದಪ್ಪ ರಬ್ಬರ್ ಹಾಸು ಹಾಸಿದನು. ಮಹಾನಂದೆ ಅದರ ಮೇಲೆ ನಿಂತು ಮುಟ್ಟಿದಳು. ಕಮಲ ಪೂರ್ಣವಾಗಿ ಅರಳಿತು. ಜನ ಚಪ್ಪಾಳೆ ತಟ್ಟಿದರು, ಚನ್ನಬಸಮ್ಮ ಕಣ್ಣೊರೆಸಿಕೊಂಡಳು.

ಹುಡುಗಿ ಮಾತ್ರ ತನ್ನ ಪಾದಗಳನ್ನು ನೋಡುತ್ತಿದ್ದಳು. ಹಾಸಿನಿಂದ ಒದ್ದೆ ನೆಲಕ್ಕಿಳಿದು ಮುಟ್ಟಿದಳು: ಕತ್ತಲು. ಮತ್ತೆ ಹತ್ತಿ ಮುಟ್ಟಿದಳು: ಬೆಳಕು. ಹಾಸಿನತ್ತ ಬೆರಳು ತೋರಿದಳು, ಅನಂತರ ತಂದೆಯತ್ತ: ಉತ್ತರ ಕೊಟ್ಟದ್ದು ಇವು, ದೇವರಲ್ಲ ಎಂಬಂತೆ. ಅವಳ ಮುಖದಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಕೊಟ್ರಪ್ಪನು ತಡೆದುಕೊಳ್ಳುತ್ತಿದ್ದನು.

ಅವಳು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತಳು. ಒಳಗೆ ಜನ ಸಾಲುಗಟ್ಟಿ ಹಾಸನ್ನೇರುತ್ತಿದ್ದರು; ಪ್ರತಿಯೊಬ್ಬರಿಗೂ ಕಮಲ ತಪ್ಪದೆ ಅರಳುತ್ತಿತ್ತು.